ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತಬೇಕೆಂದಿದ್ದೇವೆ: ಮೈಸೂರು ಚೆನ್ನಾಗಿ ಕಾಣುವುದು ಎಲ್ಲಿಂದ?

ಧಾರವಾಡ ಪೇಡಾ

ಡಿಸೆಂಬರ್ ರಜೆಯಲ್ಲಿ ಮೈಸೂರಿಗೆ ಬರುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಐದನೇ ತರಗತಿಯ ಮಗ ಮತ್ತು ಅರವತ್ತು ದಾಟಿದ ಅತ್ತೆಯವರು. ಮೆಟ್ಟಿಲು ಹತ್ತಿಕೊಂಡು ಹೋಗಿಯೇ ತಾಯಿಯ ದರ್ಶನ ಮಾಡಬೇಕೆಂದು ಅತ್ತೆಯವರು ಹರಕೆ ಹೊತ್ತಿದ್ದಾರೆ. ಆದರೆ ಅವರಿಗೆ ಒಂದು ಮೊಣಕಾಲು ಆಗಾಗ ತಕರಾರು ಮಾಡುತ್ತದೆ. ಮಗನಿಗೆ ದರ್ಶನಕ್ಕಿಂತ ಮೇಲಿನಿಂದ ಅರಮನೆ ಕಾಣುತ್ತದೆಯೋ ಇಲ್ಲವೋ ಎಂಬುದೇ ಚಿಂತೆ. ಯಜಮಾನರು ಮಾತ್ರ "ಬಸ್ ಇರುವಾಗ ಈ ಉಸಾಬರಿ ಏಕೆ" ಎನ್ನುತ್ತಿದ್ದಾರೆ.

ಎಷ್ಟು ಹೊತ್ತಿಗೆ ಹೊರಡಬೇಕು? ಊರು ನೋಡಲು ಎಲ್ಲಿ ನಿಲ್ಲಬೇಕು? ಇಳಿಯುವಾಗಲೂ ಮೆಟ್ಟಿಲಲ್ಲೇ ಬರಬಹುದೇ? ತಿಳಿದವರು ದಯವಿಟ್ಟು ಹೇಳಿ.

ಕುಕ್ಕರಹಳ್ಳಿ ಕೊಕ್ಕರೆ

ಮೊದಲು ನಿಮ್ಮ ಮಗನ ಪ್ರಶ್ನೆ. ಅರಮನೆ ಕಾಣುತ್ತದೆ. ಆದರೆ ಬೆಟ್ಟದ ತುದಿಯಿಂದ ಊರೆಲ್ಲ ಹರಡಿಕೊಂಡು ಕಾಣುತ್ತದೆ ಎಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ದೇವಸ್ಥಾನದ ಮುಂದೆ ನಿಂತವರಿಗೆ ಕಾಣುವುದು ಗೋಪುರ, ಅಂಗಡಿ ಸಾಲು, ಸರದಿಯಲ್ಲಿ ನಿಂತವರ ತಲೆ. ಊರು ಕಾಣುವುದು ದಾರಿಯಲ್ಲಿ. ಅದರಲ್ಲೂ ಮೆಟ್ಟಿಲ ದಾರಿಯಲ್ಲಿ ಹೋಗುವವರ ಬೆನ್ನಿಗೇ ಇಡೀ ಮೈಸೂರು ಇರುತ್ತದೆ. ಮುಖ ಬಂಡೆಯ ಕಡೆ, ಬೆನ್ನು ಊರಿನ ಕಡೆ. ಹೀಗಾಗಿ ಹಟ ಹಿಡಿದು ಏರುವವರು ಏನನ್ನೂ ನೋಡದೆ ಮೇಲೆ ತಲುಪಿರುತ್ತಾರೆ. ಉಸಿರು ಸಿಕ್ಕಿಹಾಕಿಕೊಂಡು ನಿಂತವರಿಗೇ ಕೆರೆ, ರೇಸ್‌ಕೋರ್ಸ್, ಅರಮನೆ ಎಲ್ಲ ದಕ್ಕುವುದು. ನಿಮ್ಮ ಅತ್ತೆಯವರು ನಿಧಾನವಾಗಿ ಹತ್ತುತ್ತಾರೆ ಎಂದು ಬೇಸರಪಡಬೇಡಿ. ನಿಮ್ಮ ತಂಡದಲ್ಲಿ ಹೆಚ್ಚು ನೋಡುವವರು ಅವರೇ ಆಗಿರುತ್ತಾರೆ.

ಬೆಟ್ಟದ ಪಾದದಿಂದ ಮೊದಲ ಕಾಲು ಭಾಗ ಕಡಿದು. ಅಲ್ಲೇ ಅರ್ಧ ಜನ ಸೋಲುವುದು. ಆ ಭಾಗವನ್ನು ಮಾತಿಲ್ಲದೆ, ಆತುರವಿಲ್ಲದೆ ದಾಟಿಬಿಟ್ಟರೆ ಆಮೇಲೆ ಕಾಲು ತಾನಾಗಿ ಪಳಗುತ್ತದೆ.

ಮೊಣಕಾಲು ಮೂರು

ಕೊಕ್ಕರೆಯವರ ಮಾತು ಸರಿ. ನಾನು ಮಂಡಿನೋವಿನವನು, ಆದ್ದರಿಂದ ಅತ್ತೆಯವರ ಪಕ್ಷ ವಹಿಸಿ ಹೇಳುತ್ತೇನೆ. ಹತ್ತುವುದಕ್ಕೆ ಹೆದರಬೇಡಿ, ಇಳಿಯುವುದಕ್ಕೆ ಹೆದರಿ. ಹತ್ತುವಾಗ ಕೆಲಸ ತೊಡೆಯದು ಮತ್ತು ಉಸಿರಿನದು. ಇಳಿಯುವಾಗ ಮೈಯ ಭಾರವೆಲ್ಲ ಬಾಗಿದ ಮಂಡಿಯ ಮೇಲೆ ಬೀಳುತ್ತದೆ. ಮೆಟ್ಟಿಲುಗಳೇನು ಒಂದೇ ಅಳತೆಯವಲ್ಲ. ಒಂದು ಗೇಣೆತ್ತರದ್ದಾದರೆ ಮುಂದಿನದು ಅದಕ್ಕಿಂತ ಎತ್ತರ, ಅದರ ಮುಂದಿನದು ಸವೆದು ಇಳಿಜಾರಾಗಿರುತ್ತದೆ. ಮೇಲಿನಿಂದ ನಗರ ಸಾರಿಗೆಯ 201ನೇ ಸಂಖ್ಯೆಯ ಬಸ್ಸಿದೆ. ಹರಕೆ ಹತ್ತುವುದಕ್ಕೆ ತಾನೇ? ಇಳಿಯುವುದಕ್ಕಲ್ಲವಲ್ಲ. ದೇವಿ ಬಸ್ಸಿಗೆ ಬೇಡ ಎನ್ನುವುದಿಲ್ಲ.

ಧಾರವಾಡ ಪೇಡಾ

ನಿಮ್ಮ ಕೊನೆಯ ಸಾಲನ್ನು ಅತ್ತೆಯವರಿಗೆ ಓದಿ ಹೇಳಿದೆ. ನಕ್ಕರು, ಒಪ್ಪಿದರು. ಹತ್ತುವುದು ತೀರಾ ಕಷ್ಟವಾದರೆ ಮಧ್ಯದಲ್ಲಿ ಬೇರೆ ದಾರಿ ಇದೆಯೇ?

ಬೆಟ್ಟದ ಪಾದ

ಇದೆ. ನಂದಿಯ ಹತ್ತಿರ ರಸ್ತೆ ಸಿಗುತ್ತದೆ. ಮೆಟ್ಟಿಲ ದಾರಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮುಗಿದಾಗ ನಂದಿ ಬರುತ್ತದೆ. ಆಟೋ, ಕಾರು ಅಲ್ಲಿಗೆ ಬರುತ್ತವೆ. ಯಜಮಾನರು ಹೇಗೂ ಹತ್ತಲು ಮನಸ್ಸಿಲ್ಲದವರು. ಅವರನ್ನು ಗಾಡಿಯೊಂದಿಗೆ ನಂದಿಯ ಬಳಿ ಕಾಯಲು ಹೇಳಿ. ಅಲ್ಲಿಯವರೆಗೆ ಬಂದು ಅತ್ತೆಯವರು ಸಾಕು ಎಂದರೆ ಗಾಡಿ ಹತ್ತಿಸಿ, ಇನ್ನೂ ಕಸುವಿದೆ ಎಂದರೆ ಉಳಿದದ್ದನ್ನು ಹತ್ತಿಸಿ.

ಹರಕೆಯ ವಿಷಯ ನಿಮ್ಮ ಮನೆಯದು, ನಾನು ಬಾಯಿ ಹಾಕುವುದಿಲ್ಲ. ಆದರೂ ಒಂದು ಮಾತು. ನೋವು ಜೋರಾದರೆ ನಂದಿಯವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ಮೇಲಿನ ಸುಮಾರು ಮುನ್ನೂರು ಮೆಟ್ಟಿಲನ್ನು ಮಾತ್ರ ಹತ್ತುವ ಹಿರಿಯರು ಬಹಳ ಜನ ಇದ್ದಾರೆ. ಕೆಲವರು ಇದನ್ನು ತಿರುವುಮುರುವು ಮಾಡುತ್ತಾರೆ: ಬಸ್ಸಿನಲ್ಲಿ ತುದಿಗೆ ಹೋಗಿ, ನಂದಿ ನೋಡಲು ಮೆಟ್ಟಿಲಿಳಿದು ಬರುತ್ತಾರೆ. ಮಂಡಿ ನೋವಿದ್ದವರು ಹಾಗೆ ಮಾಡಬಾರದು. ಇಳಿದ ಮೇಲೆ ಮತ್ತೆ ಬಸ್ಸಿಗೆ ಹತ್ತಿಕೊಂಡೇ ಹೋಗಬೇಕು, ಇಲ್ಲವೇ ಪಾದದವರೆಗೂ ಇಳಿಯಬೇಕು.

ಕ್ಯಾಮೆರಾ ಕಣ್ಣು

ಹೊತ್ತಿನ ವಿಷಯ ಯಾರೂ ಹೇಳಲಿಲ್ಲ. ಬೆಳಿಗ್ಗೆ ಹೋಗಿ. ಭಕ್ತಿಗಾಗಿ ಅಲ್ಲ, ಬೆಳಕಿಗಾಗಿ. ಬೆಟ್ಟ ಇರುವುದು ಊರಿನ ಆಗ್ನೇಯಕ್ಕೆ. ಮೆಟ್ಟಿಲ ದಾರಿ ಊರಿನ ಕಡೆಯ ಮಗ್ಗುಲಲ್ಲಿದೆ. ಬೆಳಿಗ್ಗೆ ಸೂರ್ಯ ಬೆಟ್ಟದ ಹಿಂದೆ ಇರುತ್ತಾನೆ. ಇದರಿಂದ ಎರಡು ಲಾಭ. ಹತ್ತುವ ದಾರಿಯ ಮೇಲೆ ಬೆಟ್ಟದ ನೆರಳೇ ಬಿದ್ದಿರುತ್ತದೆ, ಬಿಸಿಲಿನ ಕಾಟವಿಲ್ಲ. ಹಿಂತಿರುಗಿ ನೋಡಿದರೆ ಬೆಳಕು ನಿಮ್ಮ ಬೆನ್ನಿನ ಕಡೆಯಿಂದ ಊರಿನ ಮೇಲೆ ಬೀಳುತ್ತಿರುತ್ತದೆ. ಅರಮನೆಯ ಗುಮ್ಮಟ, ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಸಂಜೆ ಇದೆಲ್ಲ ತಿರುಗುಮುರುಗು: ಸೂರ್ಯ ಊರಿನ ಆಚೆಗೆ ಇಳಿಯುತ್ತಾನೆ, ಕಣ್ಣಿಗೆ ಚುಚ್ಚುತ್ತಾನೆ, ಕಟ್ಟಡಗಳೆಲ್ಲ ಬರೀ ಕಪ್ಪು ಗುರುತುಗಳಾಗುತ್ತವೆ. ಸೂರ್ಯಾಸ್ತದ ಚಿತ್ರ ಬೇಕಾದವರಿಗೆ ಅದು ಚೆನ್ನ, ಊರು ನೋಡುವವರಿಗಲ್ಲ.

ಡಿಸೆಂಬರ್ ಆದ್ದರಿಂದ ಒಂದು ಎಚ್ಚರಿಕೆ. ತುಂಬಾ ಬೇಗ ಹೋದರೆ ಊರು ಮಂಜಿನಡಿ ಇರುತ್ತದೆ. ಮಗು ಅರಮನೆ ಎಲ್ಲಿ ಎಂದರೆ ತೋರಿಸಲು ಬಿಳಿ ಹೊದಿಕೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಏಳರ ಸುಮಾರಿಗೆ ಪಾದ ಬಿಟ್ಟು, ನಿಂತು ನಿಂತು ಏರಿದರೆ ನಂದಿಯ ಹತ್ತಿರ ಬರುವ ಹೊತ್ತಿಗೆ ಮಂಜು ಹರಿಯುತ್ತದೆ. ಅತಿ ಸ್ಪಷ್ಟ ನೋಟ ಬೇಕಾದರೆ ಮಳೆ ಬಿದ್ದು ತೆರವಾದ ಮರುದಿನ ಬರಬೇಕು. ಧೂಳು ತೊಳೆದುಹೋಗಿ ವಾಯವ್ಯಕ್ಕೆ ಕೃಷ್ಣರಾಜಸಾಗರದ ನೀರು ಬೆಳ್ಳಗಿನ ಗೆರೆಯಾಗಿ ಕಾಣುತ್ತದೆ.

ಮಂಡ್ಯದ ಬೆಲ್ಲ

ನಮ್ಮಂಥವರು ಬೆಳಗಿನ ಜಾವ ನಾಲ್ಕೂವರೆಗೆ ಹತ್ತಿ ಸೂರ್ಯೋದಯ ನೋಡುತ್ತಿದ್ದೆವು. ಅದರ ಮಜವೇ ಬೇರೆ. ಏಳಕ್ಕೆ ಹೋದರೆ ಜಾತ್ರೆ.

ಬೆಟ್ಟದ ಪಾದ

ಬೆಲ್ಲದವರೇ, ಅದು ಮೀಸಲು ಅರಣ್ಯ. ಚಿರತೆ ಇದೆ. ಆಗಾಗ ಜನರ ಕಣ್ಣಿಗೂ ಬಿದ್ದಿದೆ. ಮಗುವನ್ನೂ ವಯಸ್ಸಾದವರನ್ನೂ ಕರೆದುಕೊಂಡು ಬರುವವರಿಗೆ ಕತ್ತಲಲ್ಲಿ ಹತ್ತಿ ಎಂದು ಹೇಳಬೇಡಿ. ಬೆಳಕು ಹರಿದ ಮೇಲೆ ಹತ್ತಿ, ಕತ್ತಲಾಗುವ ಮುಂಚೆ ಮೆಟ್ಟಿಲು ಬಿಡಿ, ಅಷ್ಟೇ. ಚಿರತೆ ಕಂಡೀತು ಎಂದು ಹಗಲಲ್ಲಿ ಹೆದರುವುದೂ ಬೇಡ, ಅಲ್ಲಿ ಹಗಲಿನ ಕಾಟ ಕೋತಿಗಳದು.

ನಂಜನಗೂಡು ರಸಬಾಳೆ

ಕೋತಿಗಳ ವಿಷಯ ನನ್ನನ್ನು ಕೇಳಿ, ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. ಪೂಜೆಯ ತಟ್ಟೆ, ಬಾಳೆಹಣ್ಣು, ಬಿಸ್ಕತ್ತು ಏನನ್ನೂ ಕೈಯಲ್ಲಿ ತೋರಿಸಿಕೊಂಡು ಹೋಗಬೇಡಿ. ಪ್ಲಾಸ್ಟಿಕ್ ಚೀಲದ ಸರಬರ ಸದ್ದು ಕೇಳಿದರೇ ಸಾಕು, ಅವು ಒಳಗೇನಿದೆ ಎಂದು ನೋಡುವವರೆಗೂ ಕಾಯುವುದಿಲ್ಲ, ಚೀಲವನ್ನೇ ಎತ್ತುತ್ತವೆ. ಹಲ್ಲು ಕಿರಿದು ಹೆದರಿಸಿದರೆ ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಸುಮ್ಮನೆ ಪಕ್ಕಕ್ಕೆ ಸರಿಯಿರಿ. ಎಲ್ಲವನ್ನೂ ಬೆನ್ನಿನ ಬಟ್ಟೆ ಚೀಲದೊಳಗೆ ಹಾಕಿ ಜಿಪ್ ಎಳೆಯಿರಿ. ಹಣ್ಣುಕಾಯಿ ಮೇಲೆಯೇ ಸಿಗುತ್ತದೆ, ಕೆಳಗಿನಿಂದ ಹೊರುವ ಅಗತ್ಯವೇ ಇಲ್ಲ.

ಇನ್ನೊಂದು ವಿಷಯ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಇಟ್ಟುಕೊಂಡು ಏರುತ್ತಾರೆ. ನೋಡಲು ಬಲು ಚೆಂದ: ಬಗ್ಗಿ ಮೂರು ಬೆರಳಲ್ಲಿ ಅರಿಸಿನ ಎಳೆಯುವುದು, ನಡುವೆ ಕುಂಕುಮದ ಬೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೊಂದು ಮೆಟ್ಟಿಲು. ಆದರೆ ಬೆಳಗಿನ ಇಬ್ಬನಿಗೆ ಅದೇ ಅರಿಸಿನ ಕೆಸರಾಗಿ ಜಾರುತ್ತದೆ. ಸಾಮಾನ್ಯವಾಗಿ ಮೆಟ್ಟಿಲಿನ ನಟ್ಟನಡುವೆ ಇಡುತ್ತಾರೆ, ನೀವು ಅಂಚಿನಲ್ಲಿ ಕಾಲಿಡಿ. ಅತ್ತೆಯವರು ಬರಿಗಾಲಲ್ಲಿ ಹೋಗುವವರಾದರೆ ಒಳ್ಳೆಯದೇ, ನುಣುಪಾದ ಚಪ್ಪಲಿಗಿಂತ ಬರಿಗಾಲಿಗೆ ಹಿಡಿತ ಹೆಚ್ಚು.

ಧಾರವಾಡ ಪೇಡಾ

ಅತ್ತೆಯವರೂ ಪ್ರತಿ ಮೆಟ್ಟಿಲಿಗೆ ಕುಂಕುಮ ಇಡುವುದಾಗಿ ಹೇಳುತ್ತಿದ್ದಾರೆ. ಸಾವಿರ ಸಲ ಬಗ್ಗಿ ಏಳುವುದು! ಮೆಟ್ಟಿಲು ನಿಜಕ್ಕೂ ಎಷ್ಟಿವೆ? ಒಂದು ಕಡೆ 1,000 ಎಂದಿದೆ, ಇನ್ನೊಂದು ಕಡೆ 1,008.

ಶಾಸನ ಓದುವವ

ಎಣಿಸಿದವರಿಗೆಲ್ಲ ಬೇರೆ ಬೇರೆ ಲೆಕ್ಕವೇ ಸಿಗುತ್ತದೆ. ನಡುವೆ ರಸ್ತೆ ದಾಟುವ ಕಡೆ, ಚಪ್ಪಟೆ ಹಾಸುಗಲ್ಲಿರುವ ಕಡೆ ಯಾವುದನ್ನು ಮೆಟ್ಟಿಲು ಎನ್ನುವುದು, ಯಾವುದನ್ನು ಬಿಡುವುದು ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ರೂಢಿಯಲ್ಲಿ ಸಾವಿರ ಮೆಟ್ಟಿಲು. ನಂದಿಯೂ ಹಾಗೆಯೇ, ಕೆಲವರು 700ನೇ ಮೆಟ್ಟಿಲು ಎನ್ನುತ್ತಾರೆ, ಕೆಲವರು 800ನೇದು ಎನ್ನುತ್ತಾರೆ.

ಮೆಟ್ಟಿಲು ಕಟ್ಟಿಸಿದ್ದು 1659ರಲ್ಲಿ ಪಟ್ಟಕ್ಕೆ ಬಂದ ದೊಡ್ಡ ದೇವರಾಜ ಒಡೆಯರು. ಏಕಶಿಲೆಯ ನಂದಿಯೂ ಅವರ ಕಾಲದ್ದೇ. ಸುಮಾರು 15 ಅಡಿ ಎತ್ತರ, 24 ಅಡಿ ಉದ್ದ. ಕೊರಳ ಗಂಟೆಸರದ ಕೆತ್ತನೆಯನ್ನು ಹತ್ತಿರದಿಂದ ನೋಡಿ. ಒಂದೊಂದು ಗಂಟೆಯೂ ಹಗ್ಗಕ್ಕೆ ಹೇಗೆ ಪೋಣಿಸಿದೆ ಎಂಬುದು ತಿಳಿಯುವಂತಿದೆ. ಕಾರ್ತಿಕ ಮಾಸದಲ್ಲಿ ಈ ನಂದಿಗೆ ಮಹಾಭಿಷೇಕ ನಡೆಯುತ್ತದೆ, ನೀವು ಡಿಸೆಂಬರ್ ಕೊನೆಗೆ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ. ಮೇಲಿನ ಏಳು ಅಂತಸ್ತಿನ ಗೋಪುರ ತೀರಾ ಈಚಿನದು, ಮುಮ್ಮಡಿ ಕೃಷ್ಣರಾಜ ಒಡೆಯರು 1827ರ ಸುಮಾರಿಗೆ ಕಟ್ಟಿಸಿದ್ದು. ಬೆಟ್ಟದ ಮೇಲಿನ ಅತಿ ಹಳೆಯ ಗುಡಿ ದೇವಿಯದಲ್ಲ, ಪಕ್ಕದ ಮಹಾಬಲೇಶ್ವರನದು. ಬೆಟ್ಟಕ್ಕೆ ಮೊದಲಿದ್ದ ಹೆಸರೂ ಮಹಾಬಲಾದ್ರಿ. ದೇವಿಯ ಸರದಿ ಉದ್ದವಿದ್ದರೆ ಅಲ್ಲಿ ಹೋಗಿ ಕುಳಿತುಕೊಳ್ಳಿ. ಜನ ಕಡಿಮೆ, ಕಲ್ಲು ತಂಪು.

ಕಲ್ಲುಬಂಡೆ

ಇತಿಹಾಸಕ್ಕೆ ನಾನೂ ಒಂದು ಸೊನ್ನೆ ಸೇರಿಸುತ್ತೇನೆ, ಒಂದಲ್ಲ, ಹಲವು. ನೀವು ಕಾಲಿಡುವ ಬೆಟ್ಟದ ಕಲ್ಲು ಚಾಮುಂಡಿ ಗ್ರಾನೈಟ್ ಎಂದೇ ಭೂವಿಜ್ಞಾನದಲ್ಲಿ ಹೆಸರಾಗಿದೆ, ವಯಸ್ಸು ಸುಮಾರು 80 ಕೋಟಿ ವರ್ಷ. ಸುತ್ತಲ ಬಯಲಿನ ಕಲ್ಲು ಇದಕ್ಕಿಂತ ಎಷ್ಟೋ ಹಳೆಯದು. ಅದರೊಳಗೆ ಆಳದಲ್ಲಿ ನುಗ್ಗಿ ತಣ್ಣಗಾದ ಶಿಲಾಪಾಕ ಇದು. ಮೇಲಿನದು, ಸುತ್ತಲಿನದು ಸವೆದು ಹೋಗಿ ಗಟ್ಟಿಯಾದದ್ದು ಉಳಿದುಕೊಂಡಿತು. ಅದಕ್ಕೇ ಸಮತಟ್ಟಾದ ಊರಿನ ಪಕ್ಕದಲ್ಲಿ ಒಂಟಿ ಬೆಟ್ಟ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ ಸುಮಾರು 1,060 ಮೀಟರ್. ಹತ್ತುವುದು ಮುನ್ನೂರು ಮೀಟರಿಗೂ ಒಳಗೆ. ನೋಟ ಅಷ್ಟು ದೂರ ಹಾಯುವುದಕ್ಕೆ ಕಾರಣ ಬೆಟ್ಟದ ಎತ್ತರವಲ್ಲ, ಅಡ್ಡ ಬರಲು ಮತ್ತೊಂದು ಬೆಟ್ಟ ಇಲ್ಲದಿರುವುದು. ದಾರಿ ಪಕ್ಕದ ಒಡೆದ ಬಂಡೆಗಳಲ್ಲಿ ಹೊಸ ಮುಖ ಕಂಡರೆ ಮಗನಿಗೆ ತೋರಿಸಿ, ನಸುಗೆಂಪು ಹರಳುಗಳು ಬರಿಗಣ್ಣಿಗೇ ಕಾಣುತ್ತವೆ.

ಧಾರವಾಡ ಪೇಡಾ

ಮಗ ಈಗ ಕಲ್ಲು ಕುಟ್ಟುವ ಸುತ್ತಿಗೆ ಬೇಕೆನ್ನುತ್ತಿದ್ದಾನೆ. ನಿಮ್ಮಿಂದ ಉಪಕಾರವಾಯಿತು!

ಕಲ್ಲುಬಂಡೆ

ಮೀಸಲು ಅರಣ್ಯದಲ್ಲಿ ಸುತ್ತಿಗೆ ಎತ್ತುವಂತಿಲ್ಲ ಎಂದು ಹೇಳಿಬಿಡಿ. ನೋಡಲು ಭೂತಗನ್ನಡಿ ಸಾಕು.

ಮಂಡ್ಯದ ಬೆಲ್ಲ

ಇಷ್ಟೆಲ್ಲ ಕಷ್ಟ ಏಕೆ? ರೋಪ್‌ವೇ ಮಾಡಿದ್ದರೆ ವಯಸ್ಸಾದವರೂ ಆರಾಮವಾಗಿ ಹೋಗುತ್ತಿದ್ದರು, ಎಲ್ಲ ನೋಟವೂ ಸಿಗುತ್ತಿತ್ತು. ನಿಮ್ಮ ಮೈಸೂರಿನವರೇ ಅಡ್ಡ ಹಾಕಿದ್ದು.

ಕುಕ್ಕರಹಳ್ಳಿ ಕೊಕ್ಕರೆ

ಅಡ್ಡ ಹಾಕಿದ್ದು ಹೌದು, ಅದಕ್ಕೆ ಕಾರಣವೂ ಇತ್ತು. 2022ರ ರಾಜ್ಯ ಬಜೆಟ್ಟಿನಲ್ಲಿ ರೋಪ್‌ವೇ ಘೋಷಿಸಿದಾಗ ಅದರ ಹಿಂದಿನ ವರ್ಷದ ಗಾಯ ಇನ್ನೂ ಹಸಿಯಾಗಿತ್ತು. 2021ರ ಮಳೆಗೆ ನಂದಿಯ ಕಡೆಯ ರಸ್ತೆಯೇ ಕುಸಿದು ಕೆಳಗೆ ಜಾರಿತ್ತು. ಬಂಡೆ ಗಟ್ಟಿ, ಅದರ ಮೇಲಿನ ಮಣ್ಣು ಗಟ್ಟಿಯಲ್ಲ. ಮರ ಕಡಿದು, ಕಾಂಕ್ರೀಟು ಹಾಕಿ, ನೀರು ಹರಿಯುವ ದಾರಿ ಮುಚ್ಚಿದರೆ ಅದು ಜಾರುತ್ತದೆ. ಜನ ವಿರೋಧಿಸಿದರು, ಸರ್ಕಾರ ಯೋಜನೆ ಕೈಬಿಟ್ಟಿತು. ವಯಸ್ಸಾದವರಿಗೆ ತುದಿಯವರೆಗೂ ಬಸ್ಸಿದೆ, ಕಾರು ಹೋಗುತ್ತದೆ. ರಸ್ತೆಯಲ್ಲಿ ನಿಂತು ನೋಡುವ ಕಟ್ಟೆಗಳಿವೆ. ಆ ಸುತ್ತಿನಲ್ಲಿ ರೇಸ್‌ಕೋರ್ಸಿನ ಉದ್ದುದ್ದ ದುಂಡು, ಕಾರಂಜಿ ಕೆರೆ, ಲಲಿತಮಹಲಿನ ಬಿಳಿ ಗುಮ್ಮಟ ಎಲ್ಲ ಕಾಲ ಕೆಳಗೇ ಇವೆ. ಇನ್ನು ತಂತಿಯ ಮೇಲೆ ತೂಗಿ ನೋಡಬೇಕಾದದ್ದು ಏನುಳಿದಿದೆ?

ಮಂಡ್ಯದ ಬೆಲ್ಲ

ಪಳನಿಯಲ್ಲಿ ಇಲ್ಲವೇ? ಅಲ್ಲಿ ಬೆಟ್ಟ ಕುಸಿದಿದೆಯೇ? ಅಂಗವಿಕಲರಿಗೆ ಬಸ್ಸಿನ ಮೆಟ್ಟಿಲೂ ಮೆಟ್ಟಿಲೇ. ಅವರ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಮೊಣಕಾಲು ಮೂರು

ಬೆಲ್ಲದವರ ಈ ಮಾತಿನಲ್ಲಿ ತೂಕವಿದೆ. ರೋಪ್‌ವೇ ಬೇಡ ಎನ್ನುವವನು ನಾನೂ ಹೌದು. ಆದರೆ ಬೇಡ ಎಂದ ಮೇಲೆ ತಗ್ಗು ಮೆಟ್ಟಿಲಿನ ಬಸ್ಸು, ಗಾಲಿಕುರ್ಚಿ ಹೋಗುವ ಇಳಿಜಾರು, ನೋಟದ ಕಟ್ಟೆಯ ಹತ್ತಿರ ಕೂರಲು ಬೆಂಚು, ಇಷ್ಟನ್ನಾದರೂ ಕೇಳಬೇಕಲ್ಲ. ನಡೆಯಬಲ್ಲವರೇ ಕುಳಿತು ಬೆಟ್ಟ ಹೇಗಿರಬೇಕು ಎಂದು ತೀರ್ಮಾನಿಸುತ್ತಿದ್ದೇವೆ. ಇದಕ್ಕೆ ಬೇರೆಯೇ ಎಳೆ ಶುರುಮಾಡೋಣ, ಪಾಪ ಆ ತಾಯಿ ಕೇಳಿದ್ದು ದಾರಿ.

ಕ್ಯಾಮೆರಾ ಕಣ್ಣು

ದಾರಿಗೇ ಬರುತ್ತೇನೆ. ಅರಮನೆಯನ್ನು ಮಗನಿಗೆ ಹುಡುಕಿಸುವ ಬಗೆ ಹೇಳುತ್ತೇನೆ, ಏಕೆಂದರೆ ಹಗಲಲ್ಲಿ ಅದು ಹೇಳಿಕೊಳ್ಳುವಷ್ಟು ದೊಡ್ಡದಾಗಿ ಕಾಣುವುದಿಲ್ಲ. ಮೊದಲು ರೇಸ್‌ಕೋರ್ಸಿನ ಹಸಿರು ದುಂಡು ಹಿಡಿಯಿರಿ, ಅದು ಯಾರಿಗೂ ತಪ್ಪುವುದಿಲ್ಲ. ಅಲ್ಲಿಂದ ಊರಿನ ಒಳಕ್ಕೆ ಕಣ್ಣು ಸರಿಸಿದರೆ ಮರಗಳ ನಡುವೆ ಒಂದು ದೊಡ್ಡ ಬಯಲು, ಅದರೊಳಗೆ ಕೆಂಪು ಗುಮ್ಮಟಗಳು. ಅವುಗಳ ನಡುವೆ ಎತ್ತರದ್ದೊಂದು. ಅದೇ ಅರಮನೆ. ಇನ್ನೂ ಆಚೆಗೆ ಎರಡು ಚೂಪು ಶಿಖರ ಕಂಡರೆ ಚರ್ಚು. ಚಿಕ್ಕ ದುರ್ಬೀನು ಇದ್ದರೆ ತನ್ನಿ.

ಭಾನುವಾರವೋ ಸರ್ಕಾರಿ ರಜೆಯ ದಿನವೋ ಊರಿನಲ್ಲಿದ್ದರೆ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುತ್ತವೆ. ಬೆಟ್ಟದ ರಸ್ತೆಯ ಕಟ್ಟೆಯಿಂದ ನೋಡಿದರೆ ಇಡೀ ಊರಿನ ದೀಪಗಳ ನಡುವೆ ಆ ಒಂದು ಚೌಕ ಮಾತ್ರ ಹೊನ್ನಿನ ಬಣ್ಣ. ಆದರೂ ಮಗು ಮೊದಲ ಸಲ ನೋಡುತ್ತಿರುವುದಾದರೆ ಅರಮನೆಯ ಅಂಗಳದಲ್ಲೇ ನಿಲ್ಲಿಸಿ. ಬೆಟ್ಟದಿಂದ ದೀಪ ಕಾಣುತ್ತದೆ, ದೀಪ ಹತ್ತಿದಾಗ ಜನ ಹೋ ಎನ್ನುವುದು ಕೇಳುವುದಿಲ್ಲ.

ನಂಜನಗೂಡು ರಸಬಾಳೆ

ಎಲ್ಲರೂ ಊರಿನ ಕಡೆಯೇ ನೋಡಿ ಎನ್ನುತ್ತಿದ್ದೀರಿ. ಬೆಟ್ಟಕ್ಕೆ ಇನ್ನೊಂದು ಮಗ್ಗುಲಿದೆ. ಉತ್ತನಹಳ್ಳಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ದಕ್ಷಿಣದ ಬಯಲು ತೆರೆದುಕೊಳ್ಳುತ್ತದೆ: ಗದ್ದೆ, ತೆಂಗು, ಕಪಿಲೆಯ ಬಯಲು. ತಿಳಿಯಾದ ದಿನ ದೂರದಲ್ಲಿ ನೀಲಗಿರಿಯ ಕಡೆಯ ಬೆಟ್ಟಸಾಲು. ಕೆಳಗೆ ಉತ್ತನಹಳ್ಳಿಯ ಅಮ್ಮ ನಮ್ಮ ಕಡೆಯ ಜನಪದದಲ್ಲಿ ಚಾಮುಂಡಿಯ ತಂಗಿ. ನಂಜನಗೂಡಿನ ನಂಜುಂಡ ಚಾಮುಂಡಿಗೆ ಮನಸೋತ ಕಥೆಯನ್ನು ಹಾಡುವವರು ಇನ್ನೂ ಇದ್ದಾರೆ. ಪುರಾಣದ ಮಹಿಷಮರ್ದಿನಿ ಆ ಹಾಡಿನಲ್ಲಿ ಸವತಿಯರ ಜಗಳಕ್ಕೂ ಇಳಿಯುತ್ತಾಳೆ. ಗಾಡಿ ಮಾಡಿಕೊಂಡಿದ್ದರೆ ಬಂದ ದಾರಿಯಲ್ಲೇ ಹಿಂದಿರುಗದೆ ಈ ಕಡೆ ಇಳಿದು, ಉತ್ತನಹಳ್ಳಿ ನೋಡಿಕೊಂಡು ನಂಜನಗೂಡಿಗೆ ಹೋಗಿ. ಅತ್ತೆಯವರಿಗೆ ಒಂದೇ ದಿನದಲ್ಲಿ ಮೂರು ದರ್ಶನ.

ಧಾರವಾಡ ಪೇಡಾ

ಈ ಕಥೆ ನಮ್ಮ ಕಡೆ ಕೇಳಿಯೇ ಇರಲಿಲ್ಲ. ಹಾಗಾದರೆ ಹೀಗೆ ಮಾಡುತ್ತೇವೆ: ಏಳಕ್ಕೆ ಪಾದದಿಂದ ಹೊರಡುವುದು, ಯಜಮಾನರು ಕಾರಿನೊಂದಿಗೆ ನಂದಿಯ ಹತ್ತಿರ, ಅಲ್ಲಿಂದ ಅತ್ತೆಯವರ ಮೊಣಕಾಲು ಹೇಳಿದಂತೆ. ಒಂಬತ್ತೂವರೆ ಹೊತ್ತಿಗೆ ಮೇಲೆ ದರ್ಶನ. ಆಮೇಲೆ ಉತ್ತನಹಳ್ಳಿ, ನಂಜನಗೂಡು. ಶುಕ್ರವಾರ ಬರುವುದು ಶ್ರೇಷ್ಠ ಎನ್ನುತ್ತಿದ್ದಾರೆ ಅತ್ತೆಯವರು. ಆದೀತೇ?

ಬೆಟ್ಟದ ಪಾದ

ಆಷಾಢ ಶುಕ್ರವಾರವಾಗಿದ್ದರೆ ಬೇಡವೆಂದು ಕೈಮುಗಿದು ಹೇಳುತ್ತಿದ್ದೆ. ಆಗ ಖಾಸಗಿ ಗಾಡಿಗಳನ್ನೇ ಮೇಲೆ ಬಿಡುವುದಿಲ್ಲ, ಲಲಿತಮಹಲಿನ ಮೈದಾನದಿಂದ ಬಸ್ಸಿನಲ್ಲೇ ಹೋಗಬೇಕು. ಡಿಸೆಂಬರ್ ಶುಕ್ರವಾರ ಅಷ್ಟಿಲ್ಲ, ಆದರೆ ಕ್ರಿಸ್‌ಮಸ್ ರಜೆಯ ಜನ ಇರುತ್ತಾರೆ. ವಾರದ ನಡುವಿನ ದಿನ ಸಿಕ್ಕಿದರೆ ಉತ್ತಮ.

ಕುಂಕುಮ ಇಡುವುದಾದರೆ ಒಂಬತ್ತೂವರೆಗೆ ತಲುಪುವುದಿಲ್ಲ, ಇನ್ನೊಂದು ಗಂಟೆ ಕೂಡಿಸಿಕೊಳ್ಳಿ. ಮಧ್ಯಾಹ್ನ ಎರಡಕ್ಕೆ ಗುಡಿಯ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯುವುದು ಮೂರೂವರೆಗೆ. ಹನ್ನೊಂದರೊಳಗೆ ಸರದಿ ಸೇರಿದರೆ ಗಾಬರಿ ಇಲ್ಲ. ನೀರಿನ ಬಾಟಲಿ ಉಕ್ಕಿನದೇ ತನ್ನಿ. ಮೆಟ್ಟಿಲ ಪಕ್ಕದ ಪೊದೆಗಳಿಂದ ಪ್ಲಾಸ್ಟಿಕ್ ಬಾಟಲಿ ಹೆಕ್ಕುವುದು ಇಲ್ಲಿನ ಸ್ವಯಂಸೇವಕರ ಮುಗಿಯದ ಕೆಲಸವಾಗಿದೆ.

ಮೊಣಕಾಲು ಮೂರು

ಕುಂಕುಮಕ್ಕೆ ಒಂದು ಉಪಾಯ. ಬಗ್ಗಿ ಇಡುವ ಕೆಲಸ ಮೊಮ್ಮಗನಿಗೆ ಕೊಡಿ, ಬಟ್ಟಲು ಅಜ್ಜಿಯ ಕೈಯಲ್ಲಿರಲಿ. ಹುಡುಗನ ಓಟಕ್ಕೂ ಲಗಾಮು ಬೀಳುತ್ತದೆ.

ಧಾರವಾಡ ಪೇಡಾ

ಒಪ್ಪಿಗೆಯಾಯಿತು. ಮೆಟ್ಟಿಲು ಎಣಿಸುವ ಕೆಲಸವೂ ತನ್ನದೇ ಎಂದು ಮಗ ಹೇಳಿದ್ದಾನೆ. ಬುಧವಾರ ಬರುತ್ತೇವೆ.

ಶಾಸನ ಓದುವವ

ರಸ್ತೆ ದಾಟುವ ಕಡೆಯ ಹಾಸುಗಲ್ಲು ಲೆಕ್ಕಕ್ಕೆ ಹಿಡಿದನೋ ಬಿಟ್ಟನೋ ಎಂಬುದನ್ನೂ ಬರೆದುಕೊಳ್ಳಲು ಹೇಳಿ. ಇಲ್ಲದಿದ್ದರೆ ಅವನ ಲೆಕ್ಕವನ್ನೂ ನಾವು ಇಲ್ಲಿ ಜಗಳಕ್ಕೆ ಎಳೆಯುತ್ತೇವೆ.